ಮೇಲೆ ಹೋದ ಮಾವ, ಕೆಳಗುಳಿದ ಕಾರು

ನಮ್ಮ ಬೀದಿಯ ಕನ್ನಡಕದಂಗಡಿಯವರು ಯಾರ ಕಣ್ಣಿನಲ್ಲಿ ಏನು ದೋಷವಿದೆಯೆಂದು ಕೂತಲ್ಲೇ ಹೇಳಬಲ್ಲವರು. ಅವರ ಸ್ವಂತ ಕಣ್ಣಿಗೆ ಇದ್ದದ್ದು ಒಂದೇ ದೋಷ. ಮನೆ ಮುಂದೆ ನಿಂತಿದ್ದ ಕಾರು ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಈ ದೋಷ ಬೀದಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅದು ಇಂಗ್ಲೆಂಡಿನಲ್ಲಿ ತಯಾರಾದ ಸಲೂನ್ ಕಾರು. ನಾಲ್ಕು ಬಾಗಿಲು, ಉದ್ದನೆಯ ಮೂತಿ, ಸೋಫಾದಂಥ ಸೀಟುಗಳು, ಸ್ಟಿಯರಿಂಗಿನ ಹಿಂದೆ ನಿಜವಾದ ಮರದ ಹಲಗೆ. ತಯಾರಿಸಿದ ಕಂಪನಿ ಯಾವಾಗಲೋ ಬಾಗಿಲು ಹಾಕಿಕೊಂಡಿತ್ತು. ಅದೇ ಕಂಪನಿಯಿಂದ ಇದಕ್ಕೊಬ್ಬ ತಮ್ಮನೂ ಬಂದಿದ್ದ. ಎರಡೇ ಬಾಗಿಲು, ತಲೆಯ ಮೇಲಿನ ಹೊದಿಕೆಯನ್ನು ಮಡಚಿಡಬಹುದು. ಹಳೆಯ ಕಾರು ಕೂಡಿಹಾಕುವ ಹಣವಂತರು ಆ ತಮ್ಮನಿಗಾಗಿ ಊರೂರು ಅಲೆಯುತ್ತಿದ್ದರು. ಈ ಅಣ್ಣನನ್ನು ಕೇಳುವವರೇ ಇರಲಿಲ್ಲ. ಹಳೆಯ ಕಾರುಗಳ ಪ್ರದರ್ಶನಕ್ಕೆ ಕನ್ನಡಕದವರು ಒಮ್ಮೆ ಇದನ್ನು ಒಯ್ದಿದ್ದರು. ತಮ್ಮನ ಸುತ್ತ ಹಗ್ಗ ಕಟ್ಟಿ ಕಾವಲು ನಿಲ್ಲಿಸಿದ್ದರಂತೆ. ಅಣ್ಣನ ಮೇಲೆ ಜನ ತಮ್ಮ ಕೋಟು, ಕೊಡೆ ಇಟ್ಟು ತಮ್ಮನನ್ನು ನೋಡಲು ಹೋದರಂತೆ.

ಬಣ್ಣದ ಬಗ್ಗೆಯೂ ಒಮ್ಮತವಿರಲಿಲ್ಲ. ಜೇನಿನ ಬಣ್ಣ ಎಂದು ಕನ್ನಡಕದವರು. ಕೆಸರಿನ ಬಣ್ಣ ಎಂದು ಅವರ ಹೆಂಡತಿ. ಎದುರುಮನೆಯ ದಂತವೈದ್ಯರು, ಈ ಬಣ್ಣವನ್ನು ತಾವು ದಿನವೂ ನೋಡುತ್ತಿರುವುದಾಗಿಯೂ ಸರಿಯಾಗಿ ಉಜ್ಜಿದರೆ ಹೋಗುತ್ತದೆಂದೂ ಹೇಳುತ್ತಿದ್ದರು.

ಕಾರು ಮೂಲತಃ ಕನ್ನಡಕದವರ ಮಾವನದು. ಮಾವ ಎಂದರೆ ಸೇತುವೆ ಪಕ್ಕದ ಶಾಲೆಯ ನಿವೃತ್ತ ಹೆಡ್‌ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಿವಿ ಹಿಂಡಿ ಅಕ್ಷರ ಕಲಿಸಿದವರು. ಕಣ್ಣು ಮಂಜಾದಾಗ, ಇನ್ನು ತಾನು ಓಡಿಸಿದರೆ ಜನರಿಗೆ ತೊಂದರೆ ಎಂದು ಅವರೇ ತೀರ್ಮಾನಿಸಿ ಬೀಗದ ಕೈಯನ್ನು ಅಳಿಯನ ಕೈಗೆ ಹಾಕಿದ್ದರು. ಬಾಗಿಲನ್ನು ದಬಾರನೆ ಹಾಕಬೇಡ ಎಂದಷ್ಟೇ ಹೇಳಿದ್ದರು.

ಕನ್ನಡಕದವರ ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ಅವರಿಗೆ ಕಾರಿನ ಮೇಲೆ ದ್ವೇಷವಿರಲಿಲ್ಲ, ಕಾರು ನಿಂತ ಜಾಗದ ಮೇಲಿತ್ತು. ಅದು ಬಾಗಿಲ ಮುಂದೆ ಅಡ್ಡಲಾಗಿ ಮಲಗಿದ್ದರಿಂದ ಗೇಟು ಅರ್ಧ ಮಾತ್ರ ತೆರೆಯುತ್ತಿತ್ತು. ಒಳಗೆ ಬರುವವರು, ಹೊರಗೆ ಹೋಗುವವರು ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತ ನಡೆಯಬೇಕಿತ್ತು. ದಪ್ಪ ನೆಂಟರು ಬರುವುದನ್ನೇ ಬಿಟ್ಟಿದ್ದರು. ಇದನ್ನು ಕನ್ನಡಕದವರು ಕಾರಿನ ಉಪಕಾರಗಳ ಪೈಕಿ ಸೇರಿಸಿದ್ದರು. ಆದರೆ ಬಂಪರಿನ ಮೂಲೆಗೆ ಸಿಕ್ಕಿ ಹೆಂಡತಿಯ ಹೊಸ ಕೋಟು ಸೊಂಟದಿಂದ ಕೆಳಗೆ ಪರ್ರನೆ ಹರಿದ ದಿನ ಎಲ್ಲ ಲೆಕ್ಕಾಚಾರ ತಲೆಕೆಳಗಾಯಿತು. ಅವರು ಹರಿದ ಕೋಟನ್ನು ಊಟದ ಮೇಜಿನ ಮೇಲೆ ಹಾಸಿದರು.

"ರೀ, ಈ ಮನೇಲಿ ನಾನಿನ್ನು ಅಡ್ಡಡ್ಡ ನಡೆಯೋದಿಲ್ಲ," ಎಂದರು.

ಕನ್ನಡಕದವರು ಕಾರು ಮಾರಲು ಒಪ್ಪಿದರು. ಮಾವನಿಗೆ ಮಾತ್ರ ಈಗಲೇ ತಿಳಿಯಬಾರದು, ಮಾರಿದ ಮೇಲೆ ಸಮಯ ನೋಡಿ ಮೆಲ್ಲಗೆ ಹೇಳಿದರಾಯಿತು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಸಮಯವೂ ಕೂಡಿಬಂದಿತ್ತು. ಹೆಂಡತಿಯ ತಮ್ಮ ಹಿಂದಿನ ವಾರವಷ್ಟೇ ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿ, ಹೆಡ್‌ಮೇಷ್ಟ್ರನ್ನೂ ತನ್ನ ಜೊತೆ ಕರೆದುಕೊಂಡು ಹೋಗಿದ್ದ. ಆ ಬಡಾವಣೆಗೆ ಇನ್ನೂ ಹೆಸರಿಟ್ಟಿರಲಿಲ್ಲ. ನಾವು ಬೀದಿಯವರು ಅದನ್ನು ಸುಮ್ಮನೆ 'ಮೇಲೆ' ಎನ್ನುತ್ತಿದ್ದೆವು. ಹಾಲಿನವನು ಮೇಲೆ ಹೋದ, ಪ್ಲಂಬರ್ ಮೇಲಿದ್ದಾನೆ ಎಂದರೆ ನಾವು ಯಾರೂ ಗಾಬರಿಯಾಗುತ್ತಿರಲಿಲ್ಲ.

'ಮಾರಾಟಕ್ಕಿದೆ' ಎಂಬ ತೆಳು ಕಾಗದ ಕಾರಿನ ಗಾಜಿಗೆ ಅಂಟಿಕೊಂಡಿತು. ಮೊದಲು ಬಂದವನು ಡ್ರೈವಿಂಗ್ ಸ್ಕೂಲಿನ ಮಾಲೀಕ. ಕಾರು ಹೇಗೆ ಓಡುತ್ತದೆ ಎಂದು ಕೇಳಿದ.

"ಇದು ಓಡೋ ಜಾತಿಯದಲ್ಲ. ಹೋಗುತ್ತೆ," ಎಂದರು ಕನ್ನಡಕದವರು ಹೆಮ್ಮೆಯಿಂದ.

ಅಷ್ಟಕ್ಕೇ ಬಿಟ್ಟಿದ್ದರೆ ಆತ ಕೊಳ್ಳುತ್ತಿದ್ದನೋ ಏನೋ. ಅವರು ಬಿಡಲಿಲ್ಲ. ಮಳೆ ಬಂದರೆ ಎಡಗಡೆಯಿಂದ ನೀರು ಬರುತ್ತದೆಂದೂ, ಆದರೆ ಎಡಗಡೆ ಮಾತ್ರ ಎಂದೂ, ಬ್ರೇಕು ಹಾಕುವ ಮೊದಲು ಕೊಂಚ ಮುಂದಾಲೋಚನೆ ಬೇಕೆಂದೂ, ಚಳಿಯಿದ್ದಾಗ ಹಿಂದಿನಿಂದ ಇಬ್ಬರು ತಳ್ಳಿದರೆ ಸಂತೋಷದಿಂದ ಸ್ಟಾರ್ಟ್ ಆಗುತ್ತದೆಂದೂ ಮುದ್ದಿನ ಮಗುವಿನ ತುಂಟತನ ಹೇಳುವವರ ಹಾಗೆ ಒಂದೊಂದಾಗಿ ಹೇಳಿದರು. ಆತ ನಿಂತ ಕಾಲಲ್ಲೇ ಜಾಗ ಖಾಲಿ ಮಾಡಿದ. ಆಮೇಲೆ ಬಂದ ಬೇಕರಿಯವರು ಸೀಟಿನಲ್ಲಿ ಕೂತದ್ದೇನೋ ನಿಜ. ಬಾಗಿಲು ಹಾಕಲು ಕೈ ನೀಡುವಷ್ಟರಲ್ಲಿ ಕನ್ನಡಕದವರು ನಡುವೆ ತಮ್ಮ ಕೈ ಒಡ್ಡಿ, ಅದು ಹಾಗಲ್ಲ, ಹೀಗೆ ಎಂದು ಬಾಗಿಲು ಹಾಕುವುದನ್ನು ಕಲಿಸಲು ಹೊರಟರು. ಬೇಕರಿಯವರು ಒಂದಷ್ಟು ಸಲ ಅಭ್ಯಾಸ ಮಾಡಿ, ಬೆವರು ಒರೆಸಿಕೊಂಡು ನಡೆದೇ ಹೋದರು.

ಸುದ್ದಿ ಕೇಳಿ ಭಾವಮೈದ ಗುಡ್ಡದಿಂದ ಇಳಿದು ಬಂದ. ಅವನು ವಾಷಿಂಗ್ ಮಷೀನ್ ಮಾರುವವನು. ಮಾರಾಟದ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು.

"ಭಾವ, ನೀವು ಕಾರು ಮಾರ್ತಿದ್ದೀರೋ, ಇಲ್ಲ ಕಾರಿನ ಮೇಲೆ ದೂರು ಕೊಡ್ತಿದ್ದೀರೋ?" ಎಂದ. ಇನ್ನು ಮುಂದೆ ಯಾರೇ ಬರಲಿ, ಸುಮ್ಮನೆ ನಿಲ್ಲಬೇಕು, ಮುಖ ಗಂಭೀರವಾಗಿರಬೇಕು, ಕೇಳಿದ್ದಕ್ಕೆ ತುಟಿ ಬಿಚ್ಚಿದರೂ ಕಾರಿನ ಬಗ್ಗೆ ಒಂದಕ್ಷರ ಬರಕೂಡದು ಎಂದು ಕಟ್ಟಪ್ಪಣೆ ಮಾಡಿ ಹೋದ.

ಮುಂದೆ ಬಂದವರು ಹೂವಿನಂಗಡಿಯ ಹೆಂಗಸು. ನದಿಯ ಆಚೆ ಕಡೆಯವರು. ಹೂ ಸಾಗಿಸಲು ದೊಡ್ಡ ಡಿಕ್ಕಿಯ ಕಾರು ಹುಡುಕುತ್ತಿದ್ದರು. ಅವರು ಬರುವ ಹೊತ್ತಿಗೆ ಕನ್ನಡಕದವರು ಮರದ ಹಲಗೆಗೆ ಪಾಲಿಶ್ ಹಚ್ಚುತ್ತಿದ್ದರು. ಅದರ ಘಾಟಿಗೆ ಕಣ್ಣು ಕೆಂಪಾಗಿ ಧಾರಾಕಾರ ನೀರು ಸುರಿಯುತ್ತಿತ್ತು. ಭಾವಮೈದನ ಆಜ್ಞೆ ನೆನಪಾಗಿ ಅವರು ತಟ್ಟನೆ ನೆಟ್ಟಗೆ ನಿಂತರು, ಮುಖ ಗಂಭೀರ ಮಾಡಿಕೊಂಡರು. ಹೆಂಗಸು ಕಾರನ್ನು ನೋಡಿದರು, ಅವರನ್ನು ನೋಡಿದರು. ದನಿ ತಗ್ಗಿಸಿ ಇದು ಯಾರ ಕಾರು ಎಂದು ಕೇಳಿದರು.

"ನಮ್ಮ ಮಾವನವರದು. ಸೇತುವೆ ಶಾಲೆಯ ಹೆಡ್‌ಮೇಷ್ಟ್ರು."

ಹೂವಿನಂಗಡಿಯ ಹೆಂಗಸು ಕಲಿತದ್ದು ಅದೇ ಶಾಲೆಯಲ್ಲಿ. ಕನ್ನಡಕದವರ ಒದ್ದೆ ಕಣ್ಣನ್ನು ಇನ್ನೊಮ್ಮೆ ನೋಡಿದರು. "ಮೇಷ್ಟ್ರು ಈಗ...?"

ಕನ್ನಡಕದವರು ಕೈಯೆತ್ತಿ ಗುಡ್ಡದ ಕಡೆಗೆ ತೋರಿಸಿದರು. ಆಕೆಗೆ ಗುಡ್ಡ ಕಾಣಲಿಲ್ಲ. ದಂತವೈದ್ಯರ ಮಹಡಿ ಅಡ್ಡವಿತ್ತು. ಆಕಾಶ ಕಂಡಿತು.

"ಮೇಲೆ," ಎಂದರು ಕನ್ನಡಕದವರು. "ಹೋದ ವಾರ ಹೋದರು."

"ತುಂಬಾ ಕಷ್ಟಪಟ್ಟರಾ?"

"ಮೊದಲು ಒಲ್ಲೆ ಅಂತಿದ್ದರು. ಆಮೇಲೆ ಅವರೇ ಒಪ್ಪಿಕೊಂಡರು. ಇಲ್ಲಿನ ಗಲಾಟೆ ಸಾಕಾಗಿತ್ತು. ಈಗ ನೆಮ್ಮದಿಯಾಗಿದ್ದಾರೆ. ಅಲ್ಲಿ ಬೆಳಕು ಜಾಸ್ತಿ."

ಇವರ ನಂಬಿಕೆ ದೊಡ್ಡದು ಎಂದುಕೊಂಡರು ಆಕೆ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಮ್ಮನ್ನೂ ಬನ್ನಿ ಬನ್ನಿ ಅಂತ ಕರೀತಾನೇ ಇದ್ದಾರೆ. ನಮಗೇ ಪುರುಸೊತ್ತಿಲ್ಲ," ಎಂದರು ಕನ್ನಡಕದವರು.

ಹೂವಿನಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದರು. "ನೀವು ಆತುರ ಮಾಡಬೇಡಿ," ಎಂದರು ಕಳಕಳಿಯಿಂದ.

"ಇಲ್ಲ ಇಲ್ಲ. ದಾರಿ ಇನ್ನೂ ಸರಿಯಾಗಿಲ್ಲವಲ್ಲ."

ಹೀಗೆ ಕಾರಿನ ಬಗ್ಗೆ ಒಂದಕ್ಷರವೂ ಆಡದೆ ಕನ್ನಡಕದವರು ತಮ್ಮ ಮಾವನನ್ನು ಸಾಯಿಸಿದರು. ಹೂವಿನಂಗಡಿಯವರು ಹೊರಟ ಮೇಲೆ, ಈ ಸಲ ಎಲ್ಲ ಸರಿಯಾಗಿ ನಡೆಯಿತೆಂದು ಭಾವಮೈದನಿಗೆ ವರದಿಯನ್ನೂ ಒಪ್ಪಿಸಿದರು.

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದಾಗ ಅವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಕಾರಿನ ಸುತ್ತ ಜನ ನಿಂತಿದ್ದರು. ಒಬ್ಬರೂ ಮಾತಾಡುತ್ತಿಲ್ಲ, ಎಲ್ಲರೂ ಕಾರನ್ನೇ ನೋಡುತ್ತಿದ್ದಾರೆ. ಬಾನೆಟ್ಟಿನ ಮೇಲೆ ಬಿಳಿ ಹೂವಿನ ದೊಡ್ಡದೊಂದು ಚಕ್ರ. ಹೂವಿನಂಗಡಿಯವರು ಅದರ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಊರಿನ ಪೊಲೀಸ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದರು. ಪುರಸಭೆಯ ತೆರಿಗೆ ಅಧಿಕಾರಿ ಎಂದೂ ಬಿಚ್ಚದ ಮೇಲಿನ ಗುಂಡಿಯನ್ನು ಬಿಚ್ಚಿದ್ದರು. ಎಲ್ಲರೂ ಕಾರು ಕೊಳ್ಳಲು ಬಂದವರೆಂದೇ ಕನ್ನಡಕದವರು ತಿಳಿದರು. ಕೊನೆಗೂ ಊರಿಗೆ ಕಣ್ಣು ಬಂತು ಎಂದುಕೊಂಡು, ಮುಖ ಇನ್ನಷ್ಟು ಗಂಭೀರ ಮಾಡಿ ಹೋಗಿ ನಡುವೆ ನಿಂತರು. ಒಬ್ಬೊಬ್ಬರಾಗಿ ಬಂದು ಅವರ ಕೈ ಹಿಡಿದು ಅದುಮಿ ಹೋದರು.

ಮೊದಲು ಬಾಯಿಬಿಟ್ಟವರು ತೆರಿಗೆ ಅಧಿಕಾರಿ. "ಇವರಂಥವರು ಇನ್ನು ಹುಟ್ಟಿಬರೋದಿಲ್ಲ."

ಕನ್ನಡಕದವರಿಗೆ ಮೈ ಝುಮ್ಮೆಂದಿತು. ಇಷ್ಟು ವರ್ಷದಲ್ಲಿ ಯಾರೊಬ್ಬರೂ ತಮ್ಮ ಕಾರನ್ನು 'ಅದು' ಎನ್ನುವುದಕ್ಕಿಂತ ಮೇಲೇರಿಸಿ ಮಾತಾಡಿರಲಿಲ್ಲ. ಕೆಲವರಂತೂ 'ಈ ಡಬ್ಬ' ಎನ್ನುತ್ತಿದ್ದರು. ಇಂದು ಒಬ್ಬ ಗೆಜೆಟೆಡ್ ಅಧಿಕಾರಿ ಬಹುವಚನದಲ್ಲಿ ಮಾತಾಡುತ್ತಿದ್ದಾರೆ.

"ಹುಟ್ಟಿಬರೋದಾದರೂ ಹೇಗೆ? ಆ ಕಾರ್ಖಾನೆಯನ್ನೇ ಮುಚ್ಚಿಬಿಟ್ಟರು," ಎಂದರು ಗದ್ಗದಿತರಾಗಿ.

ಎಂಥ ಮಾತು ಎಂದು ಜನ ತಲೆದೂಗಿದರು. ಇಂಥ ಅಭಿಮಾನಿಗಳ ಮುಂದೆ ಐಬು ಮುಚ್ಚಿಡುವುದು ಮೋಸವೆಂದು ಕನ್ನಡಕದವರಿಗೆ ಅನಿಸಿತು. ಭಾವಮೈದನ ಅಪ್ಪಣೆ ಅಲ್ಲಿಗೆ ಮುರಿಯಿತು. ಮರ್ಯಾದೆಗೆ ತಾವೂ ಬಹುವಚನ ಹಿಡಿದರು. ಇತ್ತೀಚೆಗೆ ಬೆಳಿಗ್ಗೆ ಎಬ್ಬಿಸುವುದು ಬಹಳ ಕಷ್ಟವಾಗಿತ್ತು, ಹಿಂದಿನಿಂದ ಇಬ್ಬರು ತಳ್ಳಿದರೇ ಏಳುತ್ತಿದ್ದದ್ದು ಎಂದರು. ಹೂವಿನಂಗಡಿಯವರು ಬಿಕ್ಕಿದರು. ಕೆಮ್ಮಂತೂ ಬೀದಿಗೆಲ್ಲ ಕೇಳುತ್ತಿತ್ತು, ಏರು ಬಂದರೆ ನಿಂತೇಬಿಡುತ್ತಿದ್ದರು ಎಂದರು. ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿಕೊಂಡರು.

"ಹೊಗೆಯದೊಂದು ತಾಪತ್ರಯ," ಎಂದರು ಕನ್ನಡಕದವರು. "ದಿನವಿಡೀ ಹೊಗೆ ಬಿಡ್ತಿದ್ದರು."

ಇನ್ಸ್‌ಪೆಕ್ಟರ್ ಕಣ್ಣು ತೆರೆದರು. ಹುಡುಗನಾಗಿದ್ದಾಗ ಸೇತುವೆಯ ಕೆಳಗೆ ಒಂದೇ ಒಂದು ಸಿಗರೇಟು ಸೇದಿದ್ದಕ್ಕೆ ಇದೇ ಹೆಡ್‌ಮೇಷ್ಟ್ರು ಅವರನ್ನು ಇಡೀ ಶಾಲೆಯ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದ್ದರು.

"ಮೇಷ್ಟ್ರಾ? ಹೊಗೆ ಬಿಡ್ತಿದ್ದರಾ?"

"ಮುಂದಿನಿಂದ ನೋಡಿದರೆ ಗೊತ್ತೇ ಆಗ್ತಿರಲಿಲ್ಲ. ಎಲ್ಲಾ ಹಿಂದಿನಿಂದ," ಎಂದರು ಕನ್ನಡಕದವರು. ಮೇಷ್ಟ್ರು ಎಂಬ ಮಾತು ಅವರ ಕಿವಿಗೆ ಬೀಳಲಿಲ್ಲ. ಅವರ ಗಮನ ಬಾನೆಟ್ಟಿನ ಮೇಲಿತ್ತು, ಹೂವಿನ ನೀರು ಬಣ್ಣಕ್ಕೆ ತಾಗುತ್ತಿತ್ತು.

ಇಲ್ಲಿ ಹೀಗಿರುವಾಗ ಮೇಲೆ ಇನ್ನೊಂದು ನಡೆದುಹೋಗಿತ್ತು. ತೆರಿಗೆ ಅಧಿಕಾರಿ ಬೆಳಿಗ್ಗೆಯೇ ಗುಡ್ಡದ ಮನೆಗೆ ಫೋನು ಮಾಡಿ, ಹೆಡ್‌ಮೇಷ್ಟ್ರು ಹೋದ ಸುದ್ದಿ ಕೇಳಿ ಬಹಳ ದುಃಖವಾಯಿತೆಂದೂ, ಹಳೆಯ ವಿದ್ಯಾರ್ಥಿಗಳೆಲ್ಲ ಮಧ್ಯಾಹ್ನ ಅಳಿಯನ ಮನೆ ಮುಂದೆ, ಅವರ ಕಾರಿನ ಹತ್ತಿರ ಸೇರುತ್ತಿರುವುದಾಗಿಯೂ ಹೇಳಿದ್ದರು. ಫೋನು ಎತ್ತಿದವರು ಸಾವಧಾನವಾಗಿ ಎಲ್ಲ ಕೇಳಿಸಿಕೊಂಡು, ತಾನೂ ಬರುತ್ತೇನೆ ಎಂದಿದ್ದರು. ಯಾರೋ ವಯಸ್ಸಾದ ಸಂಬಂಧಿಕರು ಎಂದುಕೊಂಡಿದ್ದರು ಅಧಿಕಾರಿ.

ಭಾವಮೈದನ ಪುಟ್ಟ ಹೊಸ ಕಾರು ಬೀದಿಯ ಕೊನೆಯಲ್ಲಿ ನಿಂತಿತು. ಅವನು ಇಳಿಯಲೇ ಇಲ್ಲ. ಗಾಜಿನ ಮೇಲಿನ ಕಾಗದ ಅಪ್ಪನ ಕಣ್ಣಿಗೆ ಬೀಳುವ ಹೊತ್ತಿಗೆ ತಾನು ಹತ್ತಿರವಿರಬಾರದೆಂದು ಸ್ಟಿಯರಿಂಗನ್ನು ಹಿಡಿದು ಕೂತೇ ಇದ್ದ. ಇಳಿದವರು ಹೆಡ್‌ಮೇಷ್ಟ್ರು. ಕಣ್ಣಿನ ಆಪರೇಷನ್ ಆಗಿದ್ದರಿಂದ ಅರ್ಧ ಮುಖ ಮುಚ್ಚುವಂಥ ಕಪ್ಪು ಕನ್ನಡಕವಿತ್ತು. ಯಾರಿಗೂ ಗುರುತು ಸಿಗಲಿಲ್ಲ. ಅವರು ಗುಂಪಿನ ಹಿಂದಿನಿಂದ ಬಂದು, ಕಾಲು ನೋಯುತ್ತಿದ್ದರಿಂದ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಪಕ್ಕದಲ್ಲಿ ನಿಂತಿದ್ದ ಇನ್ಸ್‌ಪೆಕ್ಟರನ್ನು ಸತ್ತವರು ಹೇಗಿದ್ದರು ಎಂದು ಕೇಳಿದರು.

ಇನ್ಸ್‌ಪೆಕ್ಟರ್ ಕಿಟಕಿಗೆ ಬಗ್ಗಿ ಹೇಳಿದರು. ಬಹಳ ಕಟ್ಟುನಿಟ್ಟು. ಒಂದು ನಿಮಿಷ ತಡವಾದರೂ ಗೇಟಿನ ಹೊರಗೇ. ಆದರೆ ದೇವರು ದೊಡ್ಡವನು, ಅವರಿಗೆ ಈ ಕಾರನ್ನು ಕೊಟ್ಟಿದ್ದ. ಇದು ಆಮೆಯ ಹಾಗೆ ಬರುತ್ತಿತ್ತು. ಇದರ ಸದ್ದು ತಿರುವಿನಲ್ಲಿ ಕೇಳಿದ ಮೇಲೆ ಓಡಲು ಶುರುಮಾಡಿದರೂ ನಾವು ಮೊದಲು ಶಾಲೆ ಸೇರುತ್ತಿದ್ದೆವು. ಜ್ವರ ಬಂದ ಮಕ್ಕಳನ್ನು ಈ ಸೀಟಿನಲ್ಲೇ ಮಲಗಿಸಿ ಮನೆಗೆ ಬಿಡುತ್ತಿದ್ದರು. ಈ ಸೀಟಿಗಾಗಿ ನಾವು ಜ್ವರ ಬರಿಸಿಕೊಳ್ಳುತ್ತಿದ್ದೆವು.

"ಆಮೆಯ ಹಾಗೆ ಬರ್ತಿದ್ದದ್ದು ಕಾರಲ್ಲ, ನಾನು," ಎಂದರು ಒಳಗಿದ್ದವರು. "ನೀವು ಓಡೋದು ತಿರುವಿನಿಂದ ಕಾಣ್ತಿತ್ತು. ಗೇರು ಇಳಿಸ್ತಿದ್ದೆ."

ಈ ಸಲ ಬಂದದ್ದು ತರಗತಿಯ ದನಿ, ಅದು ಯಾರೂ ಮರೆಯುವಂಥದಲ್ಲ. ಇನ್ಸ್‌ಪೆಕ್ಟರ್ ಕಂಕುಳಿನ ಟೋಪಿ ಕೆಳಗೆ ಬಿತ್ತು. ಕೈ ತಾನಾಗಿ ಕಿವಿಯ ಮೇಲೆ ಹೋಯಿತು. ಹೂವಿನಂಗಡಿಯವರು ತಟ್ಟನೆ ಹೂಚಕ್ರಕ್ಕೆ ಅಡ್ಡ ನಿಂತರು. ತೆರಿಗೆ ಅಧಿಕಾರಿ ಬಿಚ್ಚಿದ್ದ ಗುಂಡಿಯನ್ನು ಹಾಕಿಕೊಂಡರು.

ಎಲ್ಲರಿಗಿಂತ ತಡವಾಗಿ ಅರ್ಥವಾದದ್ದು ಕನ್ನಡಕದವರಿಗೆ. ಆಮೇಲೆ ಅದು ಒಂದೇ ಏಟಿಗೆ ಅರ್ಥವಾಯಿತು. ಮಾವ ಗಾಜಿನ ಕಾಗದವನ್ನು ಒಳಗಿನಿಂದ, ಉಲ್ಟಾ ಅಕ್ಷರದಲ್ಲಿ ಕೂಡಿಸಿ ಕೂಡಿಸಿ ಓದುತ್ತಿದ್ದರು.

"ಮಾರ್ತಿದ್ದೀರಾ?" ಎಂದು ಕೇಳಿದರು.

ಅವರು ಗದರಿಸಿದ್ದರೆ ಚೆನ್ನಾಗಿತ್ತು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಕನ್ನಡಕದವರು ಗೇಟಿನ ವಿಷಯ, ಕೋಟಿನ ವಿಷಯ, ಗುಟ್ಟಾಗಿಟ್ಟ ವಿಷಯ ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೇಳುತ್ತಾ, ತನಗೆ ಮಾರಲು ಮನಸ್ಸಿರಲಿಲ್ಲವೆಂದೂ, ಬಂದ ಗಿರಾಕಿಗಳು ಹಿಂದಿರುಗಿದಾಗಲೆಲ್ಲ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತೆಂದೂ ಬಾಯಿಬಿಟ್ಟರು. ಅದು ಅವರಿಗೂ ಆಗಲೇ ತಿಳಿದದ್ದು.

ಹೆಡ್‌ಮೇಷ್ಟ್ರು ಸೀಟಿನ ಚರ್ಮವನ್ನು ಅಂಗೈಯಲ್ಲಿ ಸವರಿದರು.

"ಇಷ್ಟು ವರ್ಷ ಓಡಿಸಿದೆ. ಹಿಂದೆ ಕೂತವನಲ್ಲ. ಇಲ್ಲಿ ಇಷ್ಟು ಸುಖ ಇದೆ ಅಂತ ಒಬ್ಬರೂ ಹೇಳಲಿಲ್ಲ ನನಗೆ," ಎಂದರು. "ಬೆಲೆ ಎಷ್ಟು?"

ಮಾವನ ಕಾರನ್ನು ಮಾವನಿಗೇ ಮಾರುವುದು ಹೇಗೆಂದು ಕನ್ನಡಕದವರು ತೊದಲಿದರು. ಮಾವ ಬಿಡಲಿಲ್ಲ. ವ್ಯಾಪಾರ ಎಂದರೆ ವ್ಯಾಪಾರ ಎಂದು ಚೌಕಾಶಿಗೆ ಇಳಿದರು. ಎಡಗಡೆ ನೀರು ಬರುತ್ತದಲ್ಲ ಎಂದು ಒಂದಷ್ಟು ಇಳಿಸಿದರು, ಹೊಗೆಗೆಂದು ಇನ್ನೊಂದಷ್ಟು. ಹೊಗೆಯ ಮಾತು ಬಂದಾಗ ಇನ್ಸ್‌ಪೆಕ್ಟರ್ ನಿಡುಸುಯ್ದು, ಹಾಗಾದರೆ ಹೊಗೆ ಕಾರಿನದು ತಾನೇ ಎಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಬೆಲೆ ಎಲ್ಲಿಗೆ ಇಳಿಯಿತೆಂದರೆ, ಕನ್ನಡಕದವರ ಹೆಂಡತಿಗೆ ಒಂದು ಹೊಸ ಕೋಟು ಕೊಳ್ಳುವಷ್ಟಾಯಿತು. ಊರಿನ ದೊಡ್ಡ ಮನುಷ್ಯರೆಲ್ಲ ಸಾಕ್ಷಿಯಾಗಿ ಕಾರು ಮಾರಾಟವಾಯಿತು.

ಅಷ್ಟರಲ್ಲಿ ಹೆಂಡತಿ ಗ್ರಂಥಾಲಯದಿಂದ ಬಂದರು. ಗಂಡ ಎದುರಿಗೆ ಹೋಗಿ ಕಾರು ಮಾರಿದ ಸುದ್ದಿ ಹೇಳಿದರು. ಅವರ ಮುಖ ಅರಳಿತು. ಕೊಂಡವರು ಯಾವಾಗ ಒಯ್ಯುತ್ತಾರೆ ಎಂದು ಕೇಳಿದರು. ಹಿಂದಿನ ಸೀಟಿನಿಂದ ಅಪ್ಪನ ದನಿ ಬಂತು.

"ಒಯ್ಯೋದಕ್ಕೆ ನಿನ್ನ ತಮ್ಮನ ಮನೆ ಹತ್ತಿರ ಜಾಗ ಇಲ್ಲಮ್ಮ. ಇಲ್ಲೇ ಇರಲಿ. ಓಡಿಸೋದಕ್ಕೆ ಕಣ್ಣೂ ಇಲ್ಲ. ನಿನ್ನ ಗಂಡ ಓಡಿಸ್ತಾನೆ."

ಹೆಂಡತಿ ಅಪ್ಪನನ್ನು ನೋಡಿದರು, ಹೂವನ್ನು ನೋಡಿದರು, ತಲೆ ತಗ್ಗಿಸಿ ನಿಂತ ಪೊಲೀಸ್ ಇಲಾಖೆಯನ್ನು ನೋಡಿದರು. ಏನು ನಡೆಯಿತೆಂದು ಕೇಳಿದರೆ ಇನ್ನೂ ಕೆಟ್ಟದ್ದೇನಾದರೂ ತಿಳಿದೀತೆಂದು ಕೇಳಲಿಲ್ಲ. ಮಾಲೀಕರು ಬೇರೆಯಾದ ಮೇಲೆ ಕಾರನ್ನು ಗೇಟಿನಿಂದ ನಾಲ್ಕು ಮಾರು ಆಚೆ, ದಂತವೈದ್ಯರ ಗೋಡೆಯ ಪಕ್ಕ ನಿಲ್ಲಿಸಬಹುದಲ್ಲ ಎಂದಷ್ಟೇ ಕೇಳಿದರು. ಹೆಡ್‌ಮೇಷ್ಟ್ರು ಧಾರಾಳವಾಗಿ ಎಂದರು. ದಂತವೈದ್ಯರನ್ನು ಯಾರೂ ಕೇಳಲಿಲ್ಲ. ಇದನ್ನು ಇಷ್ಟು ವರ್ಷ ತಾನೇಕೆ ಯೋಚಿಸಲಿಲ್ಲ ಎಂದು ಕನ್ನಡಕದವರು ಅಂದಿನಿಂದ ಇವತ್ತಿನವರೆಗೆ ಯೋಚಿಸುತ್ತಿದ್ದಾರೆ.

ಹೊಸ ಮಾಲೀಕರು ತಮ್ಮನ್ನು ಮನೆಗೆ ಬಿಡು ಎಂದರು. ಕನ್ನಡಕದವರು ಸ್ಟಿಯರಿಂಗ್ ಹಿಡಿದರು. ಇನ್ಸ್‌ಪೆಕ್ಟರ್ ಮತ್ತು ತೆರಿಗೆ ಅಧಿಕಾರಿ ಹಿಂದಿನಿಂದ ತಳ್ಳಿದರು. ಕಾರು ಕೆಮ್ಮಿ ಎದ್ದಿತು. ಹೂವಿನಂಗಡಿಯವರು ನಾಚಿಕೆಯಿಂದ ಹೂಚಕ್ರ ತೆಗೆಯಲು ಬಂದಾಗ, ನನ್ನ ಹೆಸರಿಗೆ ತಂದದ್ದು ಇರಲಿ ಬಿಡು ಎಂದರು ಹೆಡ್‌ಮೇಷ್ಟ್ರು. ಕಾರು ಹೊರಟಿತು. ಅದರ ವೇಗ ಎಷ್ಟಿತ್ತೆಂದರೆ, ಬೀಳ್ಕೊಡಲು ಜೊತೆಗೆ ನಡೆಯುತ್ತಿದ್ದ ಹಳೆಯ ವಿದ್ಯಾರ್ಥಿಗಳಿಗೆ ನಿಲ್ಲುವ ಸಂದರ್ಭವೇ ಬರಲಿಲ್ಲ. ಎರಡೂ ಪಕ್ಕದಲ್ಲಿ ಸಾಲಾಗಿ ನಡೆಯುತ್ತಲೇ ಹೋದರು. ಅವರ ಹಿಂದೆ ಭಾವಮೈದನ ಪುಟ್ಟ ಕಾರು, ದಾಟಿ ಮುಂದೆ ಹೋಗುವ ಧೈರ್ಯವಿಲ್ಲದೆ, ದೀಪ ಹಾಕಿಕೊಂಡು ತೆವಳುತ್ತಿತ್ತು. ಸೀಟಿನ ಸುಖಕ್ಕೆ ಹೆಡ್‌ಮೇಷ್ಟ್ರಿಗೆ ತಿರುವಿನಲ್ಲೇ ನಿದ್ದೆ ಹತ್ತಿ, ತಲೆ ಹಿಂದಕ್ಕೆ ಒರಗಿ ಬಾಯಿ ಕೊಂಚ ತೆರೆದಿತ್ತು.

ಅಂಗಡಿಗಳವರು ಎದ್ದು ನಿಂತರು. ಸೈಕಲಿನವರು ಇಳಿದರು. ವೃತ್ತದಲ್ಲಿದ್ದ ಟ್ರಾಫಿಕ್ ಪೇದೆ, ತನ್ನ ಇನ್ಸ್‌ಪೆಕ್ಟರೇ ನಡೆದುಬರುವುದನ್ನು ಕಂಡು, ನಾಲ್ಕೂ ದಿಕ್ಕಿನ ಗಾಡಿಗಳನ್ನು ನಿಲ್ಲಿಸಿ, ದುಃಖದಿಂದ ಬಾಗಿದ ಬೆನ್ನಿನಲ್ಲಿ ಸೆಲ್ಯೂಟ್ ಹೊಡೆದ. ಕಾರು ಅವನ ಮುಂದೆ ಬಂದಾಗ ಹಿಂದಿನ ಕಿಟಕಿಯಲ್ಲಿ ಹೆಡ್‌ಮೇಷ್ಟ್ರು ಕಪ್ಪು ಕನ್ನಡಕ ಸರಿಮಾಡಿಕೊಂಡು ಎದ್ದು ಕೂತರು.

"ಬೆನ್ನು ನೆಟ್ಟಗೆ," ಎಂದರು.

ಪೇದೆ ನೆಟ್ಟಗಾದ. ಆ ಸಂಜೆ ಬಹಳ ಹೊತ್ತು ಅವನು ಹಾಗೇ ಇದ್ದ. ನಾಲ್ಕೂ ದಿಕ್ಕಿನ ಗಾಡಿಗಳೂ ಹಾಗೇ ಇದ್ದವು.